ಎರಡು ಬಲ್ಬು, ಹಲವು ಊಹೆ

ಒಂದು ಸೆಲ್, ಒಂದು ತುಂಡು ತಂತಿ, ಟಾರ್ಚಿನ ಪುಟ್ಟ ಬಲ್ಬು. ಇಷ್ಟನ್ನೇ ಇಟ್ಟುಕೊಂಡು ಬಲ್ಬು ಹೊತ್ತಿಸಬಲ್ಲಿರಾ? 1997ರಲ್ಲಿ ಬಂದ ‘ಮೈಂಡ್ಸ್ ಆಫ್ ಅವರ್ ಓನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಈ ಪ್ರಶ್ನೆಯನ್ನು ಅಮೆರಿಕದ ಎಂಐಟಿಯಲ್ಲಿ ಆಗತಾನೆ ಪದವಿ ಪಡೆದವರಿಗೆ ಕೇಳಿದರು. ಘಟಿಕೋತ್ಸವದ ಗೌನು ಇನ್ನೂ ಮೈಮೇಲಿತ್ತು. ಅದೆಷ್ಟು ಕಷ್ಟ ಎಂದು ತಂತಿ ಕೈಗೆತ್ತಿಕೊಂಡ ಹಲವರಿಗೆ ಬಲ್ಬು ಹೊತ್ತಿಸಲು ಆಗಲಿಲ್ಲ.

ಉಪಾಯ ಸಣ್ಣದು. ಬಲ್ಬಿಗೆ ಸಂಪರ್ಕದ ಜಾಗ ಎರಡು: ತಳದ ಚುಕ್ಕೆ ಒಂದು, ಪಕ್ಕದ ಲೋಹದ ಕವಚ ಇನ್ನೊಂದು. ತಳವನ್ನು ಸೆಲ್ಲಿನ ಒಂದು ತುದಿಗೆ ತಾಗಿಸಿ, ಕವಚದಿಂದ ಸೆಲ್ಲಿನ ಇನ್ನೊಂದು ತುದಿಗೆ ತಂತಿ ಹಿಡಿದರೆ ಆಯಿತು. ಈ ಎಂಜಿನಿಯರುಗಳು ಓಮ್‌ನ ನಿಯಮ ಮರೆತಿದ್ದರು ಎಂದಲ್ಲ. ಇದಕ್ಕಿಂತ ಎಷ್ಟೋ ಜಟಿಲವಾದ ಲೆಕ್ಕಗಳನ್ನು ಬಿಡಿಸಿಯೇ ಅವರು ಪಾಸಾದದ್ದು. ಆದರೆ ಆ ಲೆಕ್ಕಗಳ ಅಡಿಯಲ್ಲಿ ಬಾಲ್ಯದಿಂದ ಬಂದ ಇನ್ನೊಂದು ಚಿತ್ರ ಹಾಗೇ ಉಳಿದಿತ್ತು. ಅದು ಏನು ಎಂದು ಯಾವ ತರಗತಿಯೂ ಅವರನ್ನು ಕೇಳಿರಲಿಲ್ಲ.

ಹಾಗೆ ಕೇಳಿದವರಲ್ಲಿ ಒಬ್ಬರು ನ್ಯೂಜಿಲೆಂಡಿನ ರೋಜರ್ ಆಸ್ಬರ್ನ್. ಅವರೂ ಅವರ ಸಹೋದ್ಯೋಗಿಗಳೂ ಮಕ್ಕಳ ಮುಂದೆ ಸೆಲ್ಲು, ಬಲ್ಬು ಇಟ್ಟು ‘ಒಳಗೆ ಏನಾಗುತ್ತಿದೆ, ಹೇಳು’ ಎಂದರು. ಬಂದ ಉತ್ತರಗಳು ಹೆಚ್ಚುಕಡಿಮೆ ನಾಲ್ಕು ಬಗೆ. ಸೆಲ್ಲಿನಿಂದ ಬಲ್ಬಿಗೆ ಒಂದೇ ತಂತಿ ಸಾಕು, ಇನ್ನೊಂದು ಲೆಕ್ಕಕ್ಕಿಲ್ಲ ಎನ್ನುವವರು ಕೆಲವರು. ಎರಡೂ ತುದಿಯಿಂದ ಕರೆಂಟು ಹೊರಟು ಬಲ್ಬಿನಲ್ಲಿ ಡಿಕ್ಕಿ ಹೊಡೆದಾಗ ಬೆಳಕಾಗುತ್ತದೆ ಎನ್ನುವವರು ಇನ್ನು ಕೆಲವರು. ಕರೆಂಟು ಸುತ್ತಿ ಬರುತ್ತದೆ, ಆದರೆ ಬಲ್ಬು ಒಂದಿಷ್ಟನ್ನು ತಿಂದುಹಾಕುವುದರಿಂದ ವಾಪಸು ಬರುವುದು ಕಡಿಮೆ ಎನ್ನುವುದು ಮೂರನೆಯ ಬಗೆ. ಹೋದಷ್ಟೇ ಕರೆಂಟು ವಾಪಸು ಬರುತ್ತದೆ ಎನ್ನುವುದು ನಾಲ್ಕನೆಯದು. ವಿಜ್ಞಾನ ಒಪ್ಪುವುದು ಇದನ್ನು ಮಾತ್ರ.

ಮೂರನೆಯ ಉತ್ತರ ಕೊಡುವ ಮಗುವನ್ನು ದಡ್ಡ ಎನ್ನುವ ಮೊದಲು ಅದರ ಮನೆಯೊಳಗೆ ಒಮ್ಮೆ ಇಣುಕಬೇಕು. ಟಾರ್ಚಿನ ಸೆಲ್ ಖಾಲಿಯಾಗುತ್ತದೆ. ತಿಂಗಳಾದರೆ ಕರೆಂಟ್ ಬಿಲ್ ಬರುತ್ತದೆ. ‘ಯಾರೂ ಇಲ್ಲದ ಕೋಣೇಲಿ ಫ್ಯಾನ್ ಯಾಕೆ, ಸುಮ್ನೆ ಕರೆಂಟು ದಂಡ’ ಎಂದು ಅಮ್ಮ ಗದರುತ್ತಾಳೆ. ಇಷ್ಟೆಲ್ಲ ಸಾಕ್ಷಿ ಕಣ್ಣೆದುರಿಗಿರುವಾಗ ಕರೆಂಟು ಖರ್ಚಾಗುತ್ತದೆ ಎಂದು ತೀರ್ಮಾನಿಸುವುದು ಬುದ್ಧಿವಂತಿಕೆಯೇ. ಮಗು ಪಾಠಕ್ಕೆ ಕಾಯುತ್ತ ಕೂರುವುದಿಲ್ಲ. ಕಂಡದ್ದು, ಕೇಳಿದ್ದನ್ನೆಲ್ಲ ಹೊಂದಿಸಿ ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ. ಶಿಕ್ಷಣ ಶಾಸ್ತ್ರದಲ್ಲಿ ರಚನಾವಾದ ಎಂದು ಕರೆಯುವುದರ ಬುನಾದಿ ಇದೇ.

ಈ ದಿಕ್ಕಿಗೆ ಗಮನ ತಿರುಗಿಸಿದವರಲ್ಲಿ ಮುಖ್ಯರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. 1920ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಗಳ ಮೇಲೆ ಕೆಲಸ ಮಾಡುವಾಗ ಅವರನ್ನು ಹಿಡಿದು ನಿಲ್ಲಿಸಿದ್ದು ತಪ್ಪು ಉತ್ತರಗಳು. ಒಂದೇ ವಯಸ್ಸಿನ ಮಕ್ಕಳು ಒಂದೇ ರೀತಿ ತಪ್ಪು ಮಾಡುತ್ತಿದ್ದರು. ಮನಸ್ಸಿಗೆ ತೋಚಿದ್ದನ್ನು ಹೇಳಿದ್ದರೆ ಹಾಗಾಗುತ್ತಿರಲಿಲ್ಲ. ತಪ್ಪಿನ ಹಿಂದೊಂದು ತರ್ಕವಿದೆ ಎಂಬ ಜಾಡು ಹಿಡಿದು ಅವರು ಜೀವಮಾನವಿಡೀ ಸಂಶೋಧನೆ ಮಾಡಿದರು. ಮುಂದೆ 1968ರಲ್ಲಿ ಅಮೆರಿಕದ ಡೇವಿಡ್ ಆಸುಬೆಲ್, ಕಲಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುವುದು ಕಲಿಯುವವರಿಗೆ ಈಗಾಗಲೇ ಏನು ಗೊತ್ತಿದೆ ಎಂಬುದೇ, ಅದನ್ನು ತಿಳಿದುಕೊಂಡು ಅದಕ್ಕೆ ತಕ್ಕಂತೆ ಕಲಿಸಿ ಎಂದು ಬರೆದರು.

ತಿಳಿದುಕೊಂಡು ಕಲಿಸುವುದು ಎಂದರೆ ಹೇಗೆ? ಒಂದು ಏಳನೇ ತರಗತಿ ಎಂದುಕೊಳ್ಳಿ. ಮೇಜಿನ ಮೇಲೆ ಎರಡು ಸೆಲ್ಲು, ಒಂದೇ ಬಗೆಯ ಎರಡು ಟಾರ್ಚ್ ಬಲ್ಬು. ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದ ಮೇಷ್ಟ್ರು ಕೊನೆಯ ತಂತಿಯನ್ನು ಮಾತ್ರ ಸೇರಿಸದೆ ಕೈಯಲ್ಲೇ ಹಿಡಿದುಕೊಂಡಿದ್ದಾರೆ. ‘ಇದನ್ನ ಸೇರಿಸಿದರೆ ಯಾವ ಬಲ್ಬು ಜೋರಾಗಿ ಉರಿಯುತ್ತೆ? ಬಾಯಲ್ಲಿ ಹೇಳಬೇಡಿ, ಬರೆದಿಡಿ. ಯಾಕೆ ಅಂತಾನೂ ಬರೀರಿ.’

‘ಸರ್, ಮೊದಲನೇದೇ. ಅದು ಕುಡಿದು ಮಿಕ್ಕಿದ್ದು ತಾನೆ ಎರಡನೇದಕ್ಕೆ ಹೋಗೋದು?’ ಬಹುಪಾಲು ಕೈಗಳು ಈ ಕಡೆ ಏಳುತ್ತವೆ. ನಾಲ್ಕಾರು ಮಕ್ಕಳು ಎರಡೂ ಒಂದೇ ಸಮ ಎನ್ನುತ್ತಾರೆ. ಮೇಷ್ಟ್ರು ಸರಿ ತಪ್ಪು ಹೇಳದೆ ಎಲ್ಲ ಊಹೆಗಳನ್ನೂ ಬೋರ್ಡಿನ ಮೇಲೆ ಬರೆಯುತ್ತಾರೆ. ಆಮೇಲೆ ತಂತಿ ಸೇರಿಸುತ್ತಾರೆ. ಎರಡು ಬಲ್ಬೂ ಒಂದೇ ಸಮ ಉರಿಯುತ್ತವೆ.

ಪಾಠ ಮುಗಿಯಿತು ಎಂದುಕೊಂಡರೆ ಕೆಟ್ಟಿತು. ಕಟ್ಟಿಕೊಂಡ ನಂಬಿಕೆಯನ್ನು ಯಾರೂ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ‘ಸರ್, ಎರಡನೇದು ಚೂರು ಮಂಕಾಗೇ ಇದೆ, ಸರಿಯಾಗಿ ನೋಡಿ’ ಎನ್ನುತ್ತಾನೆ ಒಬ್ಬ. ಅವನು ಹೇಳುವುದು ನಿಜವೂ ಇರಬಹುದು. ಅಂಗಡಿಯ ಬಲ್ಬುಗಳು ತದ್ರೂಪಿಯಾಗಿರುವುದಿಲ್ಲ. ‘ಹೌದಾ? ಹಾಗಾದರೆ ಎರಡನ್ನೂ ಅದಲುಬದಲು ಮಾಡು’ ಎನ್ನುತ್ತಾರೆ ಮೇಷ್ಟ್ರು. ಮಂಕಾದ ಬಲ್ಬು ಮೊದಲನೆಯ ಜಾಗಕ್ಕೆ ಬಂದರೂ ಮಂಕಾಗಿಯೇ ಉರಿಯುತ್ತದೆ. ಹಾಗಾದರೆ ದೋಷ ಬಲ್ಬಿನದು, ಜಾಗದ್ದಲ್ಲ. ಸೆಲ್ಲುಗಳನ್ನು ತಿರುಗಿಸಿ ಹಾಕಿದರೂ ಬೆಳಕು ಬದಲಾಗುವುದಿಲ್ಲ. ಈಗ ಮಗುವಿಗೆ ತನ್ನ ಲೆಕ್ಕದಲ್ಲೇ ಏನೋ ಎಡವಟ್ಟಾಗಿದೆ ಎಂಬ ಗುಮಾನಿ ಹುಟ್ಟುತ್ತದೆ. ಆಸ್ಟ್ರೇಲಿಯಾದ ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ ತಮ್ಮ 1992ರ ಪುಸ್ತಕದಲ್ಲಿ ವಿವರಿಸಿದ ‘ಊಹಿಸು, ನೋಡು, ವಿವರಿಸು’ ಕ್ರಮದ ಜೀವಾಳ ಈ ಗುಮಾನಿ. ಊಹೆಯನ್ನು ಮೊದಲೇ ಬರೆಸದಿದ್ದರೆ ‘ನಾನೂ ಹಾಗೇ ಅಂದ್ಕೊಂಡಿದ್ದೆ’ ಎಂದು ಎಲ್ಲರೂ ಜಾರಿಕೊಳ್ಳುತ್ತಾರೆ.

ಇಲ್ಲಿಂದ ಮುಂದಿನದು ಮಗು ಒಂಟಿಯಾಗಿ ದಾಟಲಾರದ ಜಾಗ. ಕರೆಂಟು ಖರ್ಚಾಗುವುದಿಲ್ಲವೆಂದರೆ ಸೆಲ್ ಖಾಲಿಯಾಗುವುದು ಯಾಕೆ? ತಂತಿಯ ತುಂಬ ವಿದ್ಯುದಾವೇಶ ಮೊದಲೇ ಇದೆ, ಸೆಲ್ಲು ಅದನ್ನು ಚಲಿಸುವಂತೆ ಮಾಡುತ್ತದೆ, ಎಷ್ಟು ಹೋಗುತ್ತದೋ ಅಷ್ಟೇ ಮರಳುತ್ತದೆ. ಬಲ್ಬಿನಲ್ಲಿ ಬೆಳಕು, ಶಾಖವಾಗಿ ಹೋಗುವುದು ಶಕ್ತಿ, ಸೆಲ್ಲಿನ ರಾಸಾಯನಿಕಗಳಲ್ಲಿ ಇದ್ದದ್ದು ಅದೇ. ಇದನ್ನು ಎಷ್ಟು ಸಲ ಬಲ್ಬು ಹೊತ್ತಿಸಿದರೂ ಮಕ್ಕಳು ತಾವಾಗಿ ಕಂಡುಕೊಳ್ಳಲಾರರು. ವಿಜ್ಞಾನಿಗಳ ತಲೆಮಾರುಗಳೇ ಇದಕ್ಕೆ ಸವೆದಿವೆ. ಮಕ್ಕಳ ವಿಜ್ಞಾನ ಕಲಿಕೆಯನ್ನು ಆಳವಾಗಿ ಅಧ್ಯಯನ ಮಾಡಿದ ಬ್ರಿಟನ್ನಿನ ರೋಸಲಿಂಡ್ ಡ್ರೈವರ್ ಒತ್ತಿ ಹೇಳಿದ್ದು ಇದನ್ನೇ: ವಿಜ್ಞಾನದ ಪರಿಕಲ್ಪನೆಗಳು ಪ್ರಯೋಗದಿಂದ ತಾವಾಗಿ ಉದುರುವುದಿಲ್ಲ, ಶಿಕ್ಷಕರು ಅವನ್ನು ಪರಿಚಯಿಸಲೇಬೇಕು. ಸೊಗಸೆಂದರೆ ಮಗುವಿನ ಹಳೆಯ ಊಹೆ ಪೂರ್ತಿ ವ್ಯರ್ಥವಲ್ಲ. ಏನೋ ಖರ್ಚಾಗುತ್ತದೆ ಎಂದು ಅದು ಹೇಳಿದ್ದು ಸರಿ. ಖರ್ಚಾಗುವುದು ಯಾವುದು ಎಂಬುದಷ್ಟೇ ತಪ್ಪಿತ್ತು.

ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಆಸರೆ ಸಿಕ್ಕರೆ ಮಾಡಬಲ್ಲದ್ದಕ್ಕೂ ನಡುವಿನ ಅಂತರದಲ್ಲೇ ಕಲಿಸುವವರ ಕೆಲಸವಿದೆ ಎಂದವರು ರಷ್ಯಾದ ಲೆವ್ ವೈಗಾಟ್‌ಸ್ಕಿ. 1934ರಲ್ಲಿ, ಇನ್ನೂ 37ರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡ ಅವರ ವಿಚಾರ ಕರ್ನಾಟಕದ ಶಾಲೆಗಳಿಗೆ ಅಪರಿಚಿತವಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳು ಕೂರುವ ‘ತಟ್ಟೆ’ಗಳನ್ನು ನೆನೆಯಿರಿ: ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಶುರುವಾಗಿ, ಸಹಪಾಠಿಗಳ ಬೆಂಬಲ ದಾಟಿ, ಸ್ವಕಲಿಕೆಯವರೆಗೆ. ಆಸರೆಯನ್ನು ಹಂತಹಂತವಾಗಿ ಕಳಚುವ ಏರ್ಪಾಡು ಅದು.

ಇಷ್ಟು ಹೇಳಿದ ಮೇಲೆ ರಚನಾವಾದದ ಹೆಸರಿನಲ್ಲಿ ನಡೆಯುವ ಗೊಂದಲವನ್ನೂ ಹೇಳಬೇಕು. ಚಟುವಟಿಕೆ ಮಾಡಿಸಿದರೆ ಸಾಕು, ಶಿಕ್ಷಕರು ಬಾಯಿಬಿಡಬಾರದು ಎಂಬ ಅರ್ಥ ಹಲವೆಡೆ ಹರಡಿದೆ. ಚಾರ್ಟಿಗೆ ಬಣ್ಣ ಹಚ್ಚುವ, ಥರ್ಮೋಕೋಲ್ ಕತ್ತರಿಸುವ ಮಗುವಿನ ಕೈಗೆ ಕೆಲಸವಿದ್ದು ತಲೆಗೆ ಇಲ್ಲದಿರಬಹುದು. ಪಾಲ್ ಕಿರ್ಶ್ನರ್, ಜಾನ್ ಸ್ವೆಲ್ಲರ್, ರಿಚರ್ಡ್ ಕ್ಲಾರ್ಕ್ 2006ರಲ್ಲಿ ಬರೆದ ಪ್ರಬಂಧ ಈ ಧೋರಣೆಯನ್ನೇ ತರಾಟೆಗೆ ತೆಗೆದುಕೊಂಡಿತು. ನಮ್ಮ ಕಾರ್ಯಸ್ಮೃತಿ ಒಮ್ಮೆಗೆ ಹಿಡಿಯಬಲ್ಲದ್ದು ಬಹಳ ಕಡಿಮೆ. ಹೊಸಬರನ್ನು ಮಾರ್ಗದರ್ಶನವಿಲ್ಲದೆ ಹುಡುಕಲು ಬಿಟ್ಟರೆ ಹುಡುಕಾಟದಲ್ಲೇ ಅದು ದಣಿಯುತ್ತದೆ, ಕಲಿಕೆಗೆ ಜಾಗ ಉಳಿಯುವುದಿಲ್ಲ ಎಂಬುದು ಅವರ ವಾದ. ಅದು ಸರಿಯಾದ ಎಚ್ಚರಿಕೆ. ಆದರೆ ಮೇಲಿನ ಮೇಷ್ಟ್ರಿಗೆ ಅದು ತಗುಲುವುದಿಲ್ಲ. ಅವರು ಒಂದು ಕ್ಷಣವೂ ಪಕ್ಕಕ್ಕೆ ಸರಿದು ನಿಂತಿಲ್ಲ.

ಇಂಥ ತರಗತಿಯಿಂದ ಪ್ರಯೋಜನವಿದೆ ಎಂಬುದಕ್ಕೆ ಅಂಕಿಅಂಶವೂ ಇದೆ. ಅಮೆರಿಕದ ರಿಚರ್ಡ್ ಹೇಕ್ 1998ರಲ್ಲಿ ಭೌತಶಾಸ್ತ್ರದ 62 ಕೋರ್ಸುಗಳ ಸುಮಾರು 6,000 ವಿದ್ಯಾರ್ಥಿಗಳ ಫಲಿತಾಂಶಗಳನ್ನು ಹೋಲಿಸಿದರು. ಕೋರ್ಸಿನ ಆರಂಭದಲ್ಲಿ ಗೊತ್ತಿಲ್ಲದಿದ್ದ ಪರಿಕಲ್ಪನೆಗಳ ಪೈಕಿ ಬರೀ ಉಪನ್ಯಾಸ ಕೇಳಿದವರು ಸರಾಸರಿ ಶೇ. 23ರಷ್ಟನ್ನು ಗಳಿಸಿದ್ದರೆ, ಊಹೆ ಮಾಡುತ್ತ, ಪಕ್ಕದವರೊಂದಿಗೆ ವಾದಿಸುತ್ತ ಕಲಿತವರು ಶೇ. 48ರಷ್ಟನ್ನು ಗಳಿಸಿದ್ದರು.

ನಮ್ಮ ದೇಶದಲ್ಲೂ ಇದಕ್ಕೆ ಹಳೆಯ ಚರಿತ್ರೆಯಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮದ ‘ಬಾಲ್ ವೈಜ್ಞಾನಿಕ್’ ಪುಸ್ತಕಗಳಲ್ಲಿ ಪ್ರಯೋಗಗಳೂ ಪ್ರಶ್ನೆಗಳೂ ಇದ್ದವು, ಸಿದ್ಧ ಉತ್ತರಗಳಿರಲಿಲ್ಲ. ಸರ್ಕಾರಿ ಶಾಲೆಗಳಲ್ಲೇ ಬೆಳೆದ ಆ ಪ್ರಯತ್ನವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಮೂರು ವರ್ಷದ ನಂತರ, ಯಶ್ ಪಾಲ್ ಅಧ್ಯಕ್ಷತೆಯಲ್ಲಿ ರೂಪುಗೊಂಡ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದನ್ನು ದೇಶದ ಎಲ್ಲ ಶಾಲೆಗಳ ತತ್ವವಾಗಿ ಒಪ್ಪಿಕೊಂಡಿತು.

ತತ್ವ ಕಾಗದದ ಮೇಲೆ ಗೆದ್ದರೂ ತರಗತಿಯಲ್ಲಿ ತಿಣುಕುವುದಕ್ಕೆ ದೊಡ್ಡ ಕಾರಣ ಪರೀಕ್ಷೆ. ಅದು ಏನನ್ನು ಕೇಳುತ್ತದೋ ಶಾಲೆ ಅದನ್ನೇ ಕಲಿಸುತ್ತದೆ. ಹೋಶಂಗಾಬಾದಿನವರು ಇದನ್ನು ಅರಿತೇ ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ ತಂದಿದ್ದರು. ‘ಓಮ್‌ನ ನಿಯಮವನ್ನು ನಿರೂಪಿಸಿ’ ಎಂಬ ಪ್ರಶ್ನೆಗೆ ಕಂಠಪಾಠ ಸಾಕು. ಅದರ ಬದಲು ‘ಸರಣಿಯಲ್ಲಿರುವ ಎರಡು ಬಲ್ಬುಗಳಲ್ಲಿ ಮೊದಲನೆಯದೇ ಜೋರಾಗಿ ಉರಿಯುತ್ತದೆ ಎಂದು ನಿನ್ನ ಗೆಳೆಯ ವಾದಿಸುತ್ತಿದ್ದಾನೆ. ಅವನಿಗೆ ಹಾಗೆ ಅನ್ನಿಸಿದ್ದು ಯಾಕೆ? ಯಾವ ಪ್ರಯೋಗ ಮಾಡಿ ತೋರಿಸುತ್ತೀಯ?’ ಎಂದು ಐದು ಅಂಕಕ್ಕೆ ಕೇಳಿದರೆ, ಮರುವರ್ಷ ಎಲ್ಲ ತರಗತಿಗಳಲ್ಲೂ ಬಲ್ಬು, ಸೆಲ್ಲು ಮೇಜಿಗೆ ಬರುತ್ತವೆ.