ರಾತ್ರಿ ಪಾಳಿಗೆ ಹಗಲಿನ ನಿದ್ದೆ

ಬೆಂಗಳೂರಿನಲ್ಲಿ ದೊಡ್ಡ ಕಟ್ಟಡಗಳಿಗೆ ಮೋಲ್ಡ್ ಹಾಕುವುದು ಹೆಚ್ಚಾಗಿ ರಾತ್ರಿಯೇ. ಹಗಲು ಹೊತ್ತು ಭಾರಿ ಲಾರಿಗಳಿಗೆ ನಗರದೊಳಗೆ ನಿರ್ಬಂಧ. ನಿರ್ಬಂಧ ಇಲ್ಲದ ಕಡೆ ಟ್ರಾಫಿಕ್ಕು. ರೆಡಿಮಿಕ್ಸ್ ಕಾಂಕ್ರೀಟಿಗೆ ನಮ್ಮ ದೇಶದ ಮಾನಕ ಕೊಟ್ಟಿರುವ ಗಡುವು ಎರಡು ಗಂಟೆ. ಪ್ಲಾಂಟಿನಲ್ಲಿ ತುಂಬಿದ ಹೊತ್ತಿನಿಂದ ಅಷ್ಟರೊಳಗೆ ಮಿಕ್ಸರ್ ಲಾರಿ ಖಾಲಿಯಾಗಬೇಕು. ಶುರು ಮಾಡಿದ ಸ್ಲ್ಯಾಬನ್ನು ಎಲ್ಲೆಂದರಲ್ಲಿ ಅರ್ಧಕ್ಕೆ ನಿಲ್ಲಿಸುವಂತೆಯೂ ಇಲ್ಲ. ಗಟ್ಟಿಯಾದ ಕಾಂಕ್ರೀಟಿಗೆ ಹೊಸದು ಸರಿಯಾಗಿ ಬೆಸೆಯುವುದಿಲ್ಲ, ಆ ಜಾಗದಲ್ಲೇ ಮುಂದೆ ನೀರು ಜಿನುಗುತ್ತದೆ. ಹಾಗಾಗಿ ರಾತ್ರಿ ಹತ್ತಕ್ಕೆ ಹತ್ತಿದವರು ಬೆಳಗಾಗುವವರೆಗೆ ಇಳಿಯುವ ಮಾತೇ ಇಲ್ಲ. ರಸ್ತೆಯ ಮೇಲೆ ಮೆಟ್ರೊ ಗರ್ಡರ್ ಕೂರಿಸುವುದೂ ವಾಹನ ಕಡಿಮೆ ಇರುವ ಇದೇ ಹೊತ್ತಿನಲ್ಲಿ. (ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಓಡಿಸಬಾರದು ಎಂದು ಶಬ್ದಮಾಲಿನ್ಯದ ನಿಯಮ ಹೇಳುತ್ತದೆ. ಅದು ಎಷ್ಟು ಪಾಲನೆಯಾಗುತ್ತಿದೆ ಎಂಬುದು ಪಕ್ಕದ ಮನೆಯವರಿಗೆ ಗೊತ್ತು.)

ರಾತ್ರಿ ಕೆಲಸ ಪೂರ್ತಿ ನಿಲ್ಲುವುದಿಲ್ಲ, ಒಪ್ಪೋಣ. ಆದರೆ ರಾತ್ರಿ ನಡೆದ ಅಪಘಾತಕ್ಕೆ ಕತ್ತಲೆಯನ್ನಷ್ಟೇ ದೂರಿದರೆ ಸಾಲದು. ಅದಕ್ಕೆ ಬೇಕಾದ ತಯಾರಿ ಎಷ್ಟೋ ಸಲ ಹಗಲೇ ಮುಗಿದಿರುತ್ತದೆ: ಮಧ್ಯಾಹ್ನ ಕಣ್ಣು ಮುಚ್ಚಲಾಗದ ಶೆಡ್ಡಿನಲ್ಲಿ, ಸಂಜೆ ಯಾರೂ ಒಂದು ಸುತ್ತು ಹಾಕದ ಸೈಟಿನಲ್ಲಿ.

ಮೊದಲು ಶೆಡ್ಡಿನ ವಿಚಾರ. ಯಾದಗಿರಿ, ರಾಯಚೂರು ಕಡೆಯಿಂದ ಗಂಡ ಹೆಂಡತಿ ಜೋಡಿಯಾಗಿ ಬಂದವರು, ಬಿಹಾರ, ಒಡಿಶಾ, ಬಂಗಾಳದಿಂದ ಬಂದ ಹುಡುಗರು ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಬೆಳಿಗ್ಗೆ ಏಳಕ್ಕೆ ಪಾಳಿ ಮುಗಿಸಿ ಬಂದು ಮಲಗಿದರೆ ಹನ್ನೊಂದರ ಹೊತ್ತಿಗೆ ತಗಡು ಕಾದು ಕಾವಲಿ. ಹೊರಗೆ ಕಂಬಿ ಕತ್ತರಿಸುವ ಮಷಿನ್ನು, ನೀರಿನ ಟ್ಯಾಂಕರ್, ಮಕ್ಕಳ ಗಲಾಟೆ. ತಂಪಾದ, ಸದ್ದಿಲ್ಲದ ಕೋಣೆ ಇದ್ದರೂ ಹಗಲಿನ ನಿದ್ದೆ ರಾತ್ರಿಯದಕ್ಕಿಂತ ಒಂದರಿಂದ ನಾಲ್ಕು ಗಂಟೆ ಕಡಿಮೆಯೇ. ಬೆಳಕು ಕಂಡ ಮೈ ಎಚ್ಚರವಾಗಿರಲು ನೋಡುತ್ತದೆ. ಹೆಂಗಸರ ಪಾಡು ಇನ್ನೂ ಕಷ್ಟ. ರಾತ್ರಿಯೆಲ್ಲ ಬಾಂಡ್ಲಿ ಹೊತ್ತು ಬಂದವಳು ಬೆಳಿಗ್ಗೆ ಒಲೆ ಹಚ್ಚಿದ ಮೇಲೆಯೇ ತಲೆ ಊರುವುದು.

ನಿದ್ದೆಗೆಟ್ಟ ತಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲಿ ಅಳೆದರು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ಭಾರತದಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ ಶೇಕಡಾ 0.03. ಲೆಕ್ಕ ಹಾಕಿ ನೋಡಿ: ಬೆಳಿಗ್ಗೆ ಎಂಟಕ್ಕೆ ಎದ್ದು, ಹಗಲು ಮಲಗದೆ ರಾತ್ರಿ ಪಾಳಿಗೆ ಬಂದವನಿಗೆ ಒಂದು ಗಂಟೆ ಹೊತ್ತಿಗೇ 17 ಗಂಟೆ ದಾಟುತ್ತದೆ. ಕುಡಿದು ಬಂದವನನ್ನು ಮೇಸ್ತ್ರಿ ಗೇಟಿನಲ್ಲೇ ವಾಪಸ್ ಕಳಿಸುತ್ತಾನೆ. ನಿದ್ದೆಯಿಲ್ಲದೆ ಬಂದವನಿಗೆ ವೈಬ್ರೇಟರ್ ಕೊಟ್ಟು ಸ್ಲ್ಯಾಬಿನ ಅಂಚಿಗೆ ನಿಲ್ಲಿಸುತ್ತಾನೆ.

ಇದರ ಮೇಲೆ ಬೆಳಗಿನ ಜಾವದ ಇಳಿತ. ಸುಮಾರು ಮೂರರಿಂದ ಐದರ ನಡುವೆ ಮೈಯ ತಾಪ ದಿನದಲ್ಲೇ ತೀರ ಕೆಳಗಿರುತ್ತದೆ. ಕಣ್ಣು ತೆರೆದೇ ಇದ್ದು ಮನಸ್ಸು ಕೆಲವು ಸೆಕೆಂಡು ಆರಿಹೋಗುತ್ತದೆ. ದಿನ ಹೋದಂತೆ ರೂಢಿಯಾಗುತ್ತದೆ ಎಂಬ ಮಾತು ಸೈಟುಗಳಲ್ಲಿ ಕೇಳಿಬರುತ್ತದೆ. ಅದು ಸುಳ್ಳು. ಫೋಕಾರ್ಡ್ ಮತ್ತು ಟಕರ್ 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸತತ ರಾತ್ರಿ ಪಾಳಿಯಲ್ಲಿ ನಾಲ್ಕನೆಯ ರಾತ್ರಿಯ ಅಪಾಯ ಮೊದಲ ರಾತ್ರಿಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚಿತ್ತು. ಹಗಲು ಮುಗಿಸಿ ರಾತ್ರಿಯೂ ನಿಲ್ಲುವ ಡಬಲ್ ಡ್ಯೂಟಿಯಂತೂ ಬೇಡವೇ ಬೇಡ. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಕೊಡಬೇಕೆಂದು ಕಾನೂನಿದೆ, ಅದು ನ್ಯಾಯವೇ. ಆದರೆ ಆ ದುಡ್ಡಿನಿಂದ ನಿದ್ದೆ ಬರುವುದಿಲ್ಲ.

ಮಾಡಬಹುದಾದದ್ದು ದುಬಾರಿಯೇನಲ್ಲ. ರಾತ್ರಿ ಪಾಳಿಯವರ ಶೆಡ್ಡುಗಳನ್ನು ಬೇರೆ ಸಾಲಿನಲ್ಲಿ, ಮಷಿನ್ನಿನಿಂದ ದೂರ ಹಾಕುವುದು. ತಗಡಿನ ಮೇಲೆ ತೆಂಗಿನ ಗರಿ ಅಥವಾ ಹಸಿರು ಬಲೆ. ಹಗಲು ಶೆಡ್ಡುಗಳ ಕರೆಂಟ್ ತೆಗೆಯುವ ಪದ್ಧತಿ ಇದ್ದರೆ ಅದನ್ನು ಬಿಡುವುದು; ಫ್ಯಾನ್ ಬೇಕಾಗಿರುವುದು ಹಗಲಿಗೇ. ಚಹಾ ಪಾಳಿಯ ಮೊದಲರ್ಧದಲ್ಲಿರಲಿ. ಬೆಳಗಿನ ಜಾವ ಕುಡಿದ ಸ್ಟ್ರಾಂಗ್ ಟೀ ಶೆಡ್ಡಿಗೆ ಹೋದ ಮೇಲೂ ಮಲಗಗೊಡುವುದಿಲ್ಲ. ನಿದ್ದೆ ಬರಲೆಂದು ಹಾಕುವ ಕ್ವಾರ್ಟರ್ ಕಣ್ಣು ಮುಚ್ಚಿಸುತ್ತದೆ, ಎರಡು ಮೂರು ಗಂಟೆಗೆ ಎಬ್ಬಿಸಿಯೂ ಬಿಡುತ್ತದೆ. ಪಾಳಿಯ ನಡುವೆ ಸರದಿಯಂತೆ ಇಪ್ಪತ್ತು ನಿಮಿಷ ಒರಗಲು ಬಿಟ್ಟರೆ ತುಂಬ ಒಳ್ಳೆಯದು. ಎದ್ದವರು ಕಾಲು ಗಂಟೆಯಾದರೂ ಕಳೆದ ಮೇಲೆ ಸಾರವೆ ಹತ್ತಲಿ. ಒರಗಲು ಗೊತ್ತಾದ ಒಂದು ಜಾಗ ಇರಲೇಬೇಕು. ಇಲ್ಲದಿದ್ದರೆ ನಿಂತ ಲಾರಿಯ ಚಕ್ರದ ಪಕ್ಕ, ಜಲ್ಲಿ ರಾಶಿಯ ಹಿಂದೆ ಮಲಗುತ್ತಾರೆ. ಡ್ರೈವರ್ ನೋಡದೆ ಗಾಡಿ ತೆಗೆಯುತ್ತಾನೆ.

ಇನ್ನು ಸಂಜೆಯ ಸುತ್ತು. ಬೆಳಕು ಇರುವಾಗಲೇ ಮೇಸ್ತ್ರಿ, ಎಲೆಕ್ಟ್ರಿಶಿಯನ್, ಸೇಫ್ಟಿಯವರು ಮೂವರೂ ಸೇರಿ, ರಾತ್ರಿ ಜನ ಓಡಾಡುವ ದಾರಿಯನ್ನು ನಡೆದು ನೋಡಬೇಕು. ಮುಖ್ಯವಾಗಿ ನೋಡಬೇಕಾದ್ದು ತೂತುಗಳನ್ನು. ಡಕ್ಟಿನ ಬಾಯಿಗೆ ಯಾರೋ ಒಂದು ಪ್ಲೈವುಡ್ ತುಂಡು ಮುಚ್ಚಿರುತ್ತಾರೆ, ಮೊಳೆ ಹೊಡೆದಿರುವುದಿಲ್ಲ. ರಾತ್ರಿ ಸೆಂಟ್ರಿಂಗ್ ಹುಡುಗನಿಗೆ ಒಂದು ಹಲಗೆ ಬೇಕಾಗುತ್ತದೆ. ಬಗ್ಗಿ ಎರಡೂ ಕೈಯಲ್ಲಿ ಎತ್ತಿ, ಎದೆಗೆ ಆನಿಸಿಕೊಂಡು ಒಂದು ಹೆಜ್ಜೆ ಮುಂದಿಡುತ್ತಾನೆ. ಹಲಗೆಯೇ ಕಣ್ಣಿಗೆ ಅಡ್ಡ; ಕಾಲಿಟ್ಟ ಕಡೆ ನೆಲ ಇಲ್ಲ. ಮುಚ್ಚಿದ ತೂತು ತೆರೆದ ತೂತಿಗಿಂತ ಅಪಾಯ ಅನ್ನುವುದು ಇದಕ್ಕೇ. ಮೊಳೆ ಹೊಡೆಯಿರಿ, ಮೇಲೆ ಬಣ್ಣದಲ್ಲಿ ದೊಡ್ಡ ಗುರುತು ಹಾಕಿರಿ, ಸುತ್ತ ಕಂಬಿಯ ಅಡ್ಡಗಟ್ಟೆ ಕಟ್ಟಿರಿ. ಅಕ್ಷರಕ್ಕಿಂತ ಚಿತ್ರ ವಾಸಿ. ಬರೆದ ಕನ್ನಡ ಬಂಗಾಳದ ಹುಡುಗನಿಗೆ ಓದಲು ಬಾರದು, ಇಂಗ್ಲಿಷು ಯಾರಿಗೂ ಬಾರದು.

ದೀಪದ ವಿಷಯದಲ್ಲಿ ಒಂದೇ ದೊಡ್ಡ ಫ್ಲಡ್‌ಲೈಟ್ ಹಾಕಿ ಕೈತೊಳೆದುಕೊಳ್ಳುವ ಚಾಳಿಯಿದೆ. ಅದರ ಎದುರು ನಿಂತವನಿಗೆ ಕಣ್ಣು ಕೋರೈಸುತ್ತದೆ, ಬೆನ್ನ ಹಿಂದೆ ಕಪ್ಪು ನೆರಳು. ಆ ಬೆಳಕಿನಿಂದ ಕತ್ತಲ ಮೆಟ್ಟಿಲಿಗೆ ಇಳಿದರೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಾಲ್ಕು ಸಣ್ಣ ದೀಪ ನಾಲ್ಕು ಕಡೆಯಿಂದ, ಎತ್ತರದಲ್ಲಿ ಇರಲಿ. ಮೆಟ್ಟಿಲಿಗೂ ಶೌಚಾಲಯದ ದಾರಿಗೂ ದೀಪ ಬೇಕು. ಹಳೆಯ ಮೆಟಲ್ ಹ್ಯಾಲೈಡ್ ದೀಪಗಳಿದ್ದರೆ ಇನ್ನೊಂದು ತೊಂದರೆ: ಕರೆಂಟ್ ಹೋಗಿ ಜನರೇಟರ್ ತಕ್ಷಣ ಶುರುವಾದರೂ ದೀಪ ತಣ್ಣಗಾಗುವವರೆಗೆ, ಅಂದರೆ ಹಲವು ನಿಮಿಷ, ಹೊತ್ತುವುದಿಲ್ಲ. ಎಲ್‌ಇಡಿಗೆ ಈ ಕಾಟವಿಲ್ಲ. ಏನೇ ಇರಲಿ, ದೀಪ ಹೋದ ಕೂಡಲೇ ಇದ್ದಲ್ಲೇ ನಿಲ್ಲಬೇಕು ಎಂಬುದನ್ನು ಎಲ್ಲರಿಗೂ ಮೊದಲೇ ಹೇಳಿರಬೇಕು. ತಾತ್ಕಾಲಿಕ ವೈರುಗಳಿಗೆ 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ ಕಡ್ಡಾಯ. ಒದ್ದೆ ಕಾಂಕ್ರೀಟಿನಲ್ಲಿ ಬಿದ್ದ ಜಾಯಿಂಟ್ ವೈರು ರಾತ್ರಿ ಕಾಣುವುದಿಲ್ಲ.

ಇನ್ನು ಕೆಲಸಗಾರರು ತೊಡುವ ಜಾಕೆಟ್ಟು. ಅದರ ಹಳದಿ ಬಣ್ಣ ಅಷ್ಟು ಹೊಳೆಯುವುದು ಹಗಲಿನ ಅತಿನೇರಳೆ ಕಿರಣದಿಂದ. ರಾತ್ರಿ ಕೆಲಸಕ್ಕೆ ಬರುವುದು ಅದರ ಮೇಲಿನ ಬೂದುಬಣ್ಣದ ಪಟ್ಟಿ ಮಾತ್ರ. ಬಿದ್ದ ಬೆಳಕನ್ನು ಅದು ಬಂದ ದಿಕ್ಕಿಗೇ ತಿರುಗಿಸುತ್ತದೆ. ಸಿಮೆಂಟು ಮೆತ್ತಿದರೆ ಅದೂ ಸತ್ತಂತೆ. ಪಾಳಿಗೆ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮಿಕ್ಸರ್ ಲಾರಿ ರಿವರ್ಸ್ ಬರುವಾಗ ಹಿಂದೆ ನಿಂತು ಕೈ ಬೀಸುವುದು ಬೇಡ. ಡ್ರೈವರ್‌ನ ಕನ್ನಡಿಯಲ್ಲಿ ಕಾಣುವಂತೆ ಪಕ್ಕದಲ್ಲಿ, ಕೈಯಲ್ಲಿ ಟಾರ್ಚ್ ಹಿಡಿದು ಒಬ್ಬನೇ ನಿಲ್ಲಬೇಕು. ‘ರೈಟ್ ರೈಟ್’ ಅನ್ನುವವನು ಅವನೊಬ್ಬ. ‘ಹೋಲ್ಡಾನ್’ ಮಾತ್ರ ಯಾರು ಕೂಗಿದರೂ ಗಾಡಿ ನಿಲ್ಲಬೇಕು. ಟಾರ್ಚ್ ಹಿಡಿದವನು ಕನ್ನಡಿಯಿಂದ ಮರೆಯಾದರೂ ನಿಲ್ಲಬೇಕು. ನೆರೆಯವರು ಬೈಯುತ್ತಾರೆಂದು ರಿವರ್ಸ್ ಹಾರ್ನಿನ ವೈರ್ ಕಿತ್ತ ಲಾರಿ ಬಂದರೆ ಒಳಗೆ ಬಿಡಬೇಡಿ.

ಕೊನೆಯದಾಗಿ, ಏನಾದರೂ ಆಗಿಹೋದರೆ. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಬೇಕು. ಮೇಲಿಂದ ಜಾರಿ ಸೇಫ್ಟಿ ಬೆಲ್ಟಿನಲ್ಲಿ ನೇತಾಡುತ್ತಿರುವವನನ್ನು ಬದುಕಿದ ಎಂದು ಹಾಗೇ ಬಿಡುವಂತಿಲ್ಲ. ತೊಡೆಗೆ ಪಟ್ಟಿ ಬಿಗಿದು ರಕ್ತ ಕಾಲಲ್ಲೇ ನಿಂತುಬಿಡುತ್ತದೆ. ಬೇಗ ಇಳಿಸುವ ದಾರಿ ಮೊದಲೇ ಗೊತ್ತಿರಬೇಕು. 108ಕ್ಕೋ 112ಕ್ಕೋ ಫೋನ್ ಮಾಡಿದ ಮೇಲೆ ಆಂಬುಲೆನ್ಸಿನವರು ಕೇಳುವ ಮೊದಲ ಪ್ರಶ್ನೆ ‘ಎಲ್ಲಿ?’. ಹೊಸ ಲೇಔಟಿನ ಸೈಟಿಗೆ ವಿಳಾಸವೇ ಇರುವುದಿಲ್ಲ, ರಾತ್ರಿ ದಾರಿ ಕೇಳಲು ಅಂಗಡಿ ತೆರೆದಿರುವುದಿಲ್ಲ. ಹತ್ತಿರದ ದೇವಸ್ಥಾನ ಅಥವಾ ಬಸ್ ಸ್ಟಾಪಿನ ಹೆಸರನ್ನು ಸೈಟ್ ಆಫೀಸಿನ ಗೋಡೆಗೆ ಬರೆದಿಡಿ. ಫೋನ್ ಮಾಡಿದ ಕೂಡಲೇ ಮೇನ್ ರೋಡಿಗೆ ಒಬ್ಬರನ್ನು ಟಾರ್ಚ್ ಕೊಟ್ಟು ಓಡಿಸಿ. ಗೇಟಿನ ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆ ಎಂಬುದನ್ನು ಇವತ್ತೇ ಕೇಳಿ ತಿಳಿದುಕೊಳ್ಳಿ.