ಪುಟಾಣಿ ರೈಲು ಓಡಲಿ, ಸೀಸ ಹೊಟ್ಟೆ ಸೇರದಿರಲಿ

ಹೊಸೂರು ರಸ್ತೆಯ ನೆತ್ತಿಯ ಮೇಲೆ ಮೆಟ್ರೊ ಓಡಾಟ ಆರಂಭವಾದದ್ದು 2025ರ ಆಗಸ್ಟ್‌ನಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 16 ನಿಲ್ದಾಣಗಳಲ್ಲಿ ಸಿಂಗಸಂದ್ರವೂ ಒಂದು. ಮನೆಯ ತಾರಸಿಯಿಂದಲೇ ರೈಲು ಕಾಣುವಾಗ ‘ನಮ್ಮ ಮನೆಯಲ್ಲೂ ಇಂಥದ್ದೊಂದು ಮಾಡೋಣ’ ಎಂದು ಮಕ್ಕಳು ಹಟ ಹಿಡಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹಲಗೆಯ ಮೇಲೆ ಹಳಿ ಜೋಡಿಸಿ, ನಿಲ್ದಾಣ, ಗುಡ್ಡ, ಸುರಂಗಗಳನ್ನು ಕಟ್ಟಿ ಪುಟ್ಟ ರೈಲು ಓಡಿಸುವ ಹವ್ಯಾಸ ಜಗತ್ತಿನ ಅನೇಕ ದೇಶಗಳಲ್ಲಿದೆ. ಇದನ್ನು ಹವ್ಯಾಸಿಗಳು ‘ಲೇಔಟ್’ ಎನ್ನುತ್ತಾರೆ. ಬೆಂಗಳೂರಿನವರಿಗೆ ಈ ಪದ ಹೊಸದಲ್ಲ. ಆದರೆ ಈ ಬಡಾವಣೆಗೆ ಬೇಕಾದದ್ದು ಒಂದು ಪ್ಲೈವುಡ್ ಹಲಗೆಯಷ್ಟು ಜಾಗ ಮಾತ್ರ.

ಇದು ಒಳ್ಳೆಯ ಹವ್ಯಾಸವೆಂಬುದರಲ್ಲಿ ಎರಡು ಮಾತಿಲ್ಲ. ಮೊಬೈಲ್ ಬಿಟ್ಟು ಮಗು ಕೈಯಾರೆ ಕೆಲಸ ಮಾಡುತ್ತದೆ, ಅಳತೆ ಕಲಿಯುತ್ತದೆ, ಅಪ್ಪ ಅಥವಾ ತಾತನ ಜೊತೆ ಕೂರುತ್ತದೆ. ಆದರೆ ಲೇಔಟ್ ಕಟ್ಟುವಾಗ ಮನೆಯ ಮೂಲೆಯೊಂದು ಪುಟ್ಟ ಕಾರ್ಖಾನೆಯೇ ಆಗುತ್ತದೆ. ಬೆಸುಗೆ, ಬಣ್ಣ, ಅಂಟು, ಪುಡಿ ಎಲ್ಲವೂ ಅಲ್ಲಿರುತ್ತವೆ. ಕಾರ್ಖಾನೆಯಲ್ಲಿ ಪಾಲಿಸುವ ಎಚ್ಚರಿಕೆಯನ್ನು ಮನೆಯಲ್ಲಿ ನಾವು ಪಾಲಿಸುತ್ತೇವೆಯೇ?

ಹಲಗೆಯ ಅಳತೆ, ಬೆನ್ನಿನ ಆರೋಗ್ಯ

ಹೆಚ್ಚು ಬಳಕೆಯಲ್ಲಿರುವ ‘ಎಚ್‌ಓ’ ಅಳತೆಯ ರೈಲು ನಿಜವಾದ ರೈಲಿನ 87ನೇ ಒಂದು ಭಾಗದಷ್ಟಿರುತ್ತದೆ. ಅದರ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಇದನ್ನು 87ರಿಂದ ಗುಣಿಸಿದರೆ ಹೆಚ್ಚುಕಡಿಮೆ ನಮ್ಮ ಮೆಟ್ರೊ ಹಳಿಯ ಅಂತರವೇ, ಅಂದರೆ 1435 ಮಿಲಿಮೀಟರ್ ಬರುತ್ತದೆ. ಮಕ್ಕಳಿಂದಲೇ ಈ ಲೆಕ್ಕ ಮಾಡಿಸಿ. ಇದಕ್ಕಿಂತ ಚಿಕ್ಕದಾದ ‘ಎನ್’ ಅಳತೆ 160ನೇ ಒಂದು ಭಾಗ. ಹಳಿಯ ಅಂತರ 9 ಮಿಲಿಮೀಟರ್.

ಎಚ್‌ಓ ರೈಲು ಸುತ್ತು ತಿರುಗಲು ಸುಮಾರು 4 ಅಡಿ ಅಗಲದ ಹಲಗೆ ಬೇಕು. ಇಂಥ ಹಲಗೆಯನ್ನು ಗೋಡೆಗೆ ಒತ್ತಿ ಇಟ್ಟರೆ ಆಚೆ ಬದಿಗೆ ಕೈ ಎಟಕುವುದಿಲ್ಲ. ಆರಾಮವಾಗಿ ಎಟಕುವುದು ಎರಡೂವರೆ ಅಡಿಯಷ್ಟೇ. ಉಳಿದದ್ದಕ್ಕೆ ಗಂಟೆಗಟ್ಟಲೆ ಬಾಗಿದರೆ ಸೊಂಟ ನೋವು ಖಂಡಿತ. ಆದ್ದರಿಂದ ಮೇಜಿಗೆ ಚಕ್ರ ಹಾಕಿಸಿ, ಕೆಲಸದ ಹೊತ್ತಿನಲ್ಲಿ ಎಳೆದುಕೊಳ್ಳಿ. ಹಲಗೆ ನಿಮ್ಮ ಮೊಣಕೈಗಿಂತ ತುಸು ಕೆಳಗಿರಲಿ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಕಟ್ಟುವುದು ಮಂಡಿಗೆ ಒಳ್ಳೆಯದಲ್ಲ.

ಹೊಗೆ ಬೇರೆ, ಸೀಸ ಬೇರೆ

ಹಳಿಗೆ ತಂತಿ ಬೆಸೆಯಲು ಸಾಲ್ಡರಿಂಗ್ ಮಾಡುತ್ತಾರೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸಾಮಾನ್ಯ ಸಾಲ್ಡರ್ ತಂತಿಯಲ್ಲಿ ಶೇ 60ರಷ್ಟು ತವರ, ಶೇ 40ರಷ್ಟು ಸೀಸ ಇರುತ್ತದೆ. ಕಾಯಿಸಿದಾಗ ಏಳುವ ಬಿಳಿ ಹೊಗೆಯೇ ಸೀಸ ಎಂದು ಅನೇಕರು ಭಾವಿಸಿದ್ದಾರೆ. ಇದು ಸರಿಯಲ್ಲ. ಸಾಲ್ಡರಿಂಗ್ ಕಡ್ಡಿಯ 300–400 ಡಿಗ್ರಿ ಶಾಖಕ್ಕೆ ಸೀಸ ಆವಿಯಾಗುವುದು ತೀರ ಅತ್ಯಲ್ಪ. ಆ ಹೊಗೆ ತಂತಿಯೊಳಗೆ ತುಂಬಿರುವ ಪೈನ್ ಮರದ ರಾಳದ್ದು.

ಹಾಗೆಂದು ಹೊಗೆ ನಿರಪಾಯಕಾರಿಯೂ ಅಲ್ಲ. ರಾಳದ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಮತ್ತೆ ಮತ್ತೆ ಉಸಿರಾಡಿದರೆ ಕೆಲವರಲ್ಲಿ ಉಬ್ಬಸ ಹುಟ್ಟಿಸುತ್ತದೆ. ಮನೆಯಲ್ಲಿ ಆಸ್ತಮಾ ರೋಗಿ ಇದ್ದರೆ ಅವರು ಆ ಕೋಣೆಯಲ್ಲಿ ಇರಕೂಡದು. ಕೆಲಸವನ್ನು ತೆರೆದ ಕಿಟಕಿಯ ಬಳಿ ಮಾಡಿ. ಟೇಬಲ್ ಫ್ಯಾನ್ ಹೊಗೆಯನ್ನು ಮುಖದಿಂದ ದೂರಕ್ಕೆ, ಕಿಟಕಿಯ ಹೊರಗೆ ತಳ್ಳುವಂತಿರಲಿ. ಬಟ್ಟೆಯ ಮುಖಗವಸು ಈ ಹೊಗೆಯನ್ನು ತಡೆಯುವುದಿಲ್ಲ.

ಹಾಗಾದರೆ ಸೀಸ ದೇಹ ಸೇರುವುದು ಹೇಗೆ? ಕೈಯಿಂದ ಬಾಯಿಗೆ. ತಂತಿ ಹಿಡಿದ ಬೆರಳಿಗೆ ಸೀಸ ಹತ್ತುತ್ತದೆ. ಅದೇ ಕೈಯಲ್ಲಿ ಚಕ್ಕುಲಿ ತಿನ್ನುತ್ತೇವೆ, ಮಗುವಿನ ಕೆನ್ನೆ ಸವರುತ್ತೇವೆ. ಎರಡೂ ಕೈಗೆ ಕೆಲಸವಿದ್ದಾಗ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವವರೂ ಉಂಟು. ಮೇಜಿನಿಂದ ಉದುರಿದ ಚೂರುಗಳು ಅಂಬೆಗಾಲಿಡುವ ಕೂಸಿನ ಕೈಗೆ ಸಿಗುತ್ತವೆ.

ಮಕ್ಕಳಿಗೇ ಹೆಚ್ಚು ಅಪಾಯ

ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕಮಕ್ಕಳ ದೇಹ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಇದು ಬೆಳೆಯುತ್ತಿರುವ ಮಿದುಳಿಗೆ ಹಾನಿ ಮಾಡುತ್ತದೆ; ಬುದ್ಧಿಶಕ್ತಿ ಕುಗ್ಗುತ್ತದೆ, ಗಮನ ಚದುರುತ್ತದೆ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಸಿಡುಕು ಕಾಣಿಸಿಕೊಳ್ಳಬಹುದು. ಹಲವು ಬಾರಿ ಯಾವ ಲಕ್ಷಣವೂ ಇರುವುದಿಲ್ಲ. ಇಷ್ಟಿದ್ದರೆ ತೊಂದರೆಯಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 100 ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೊಗ್ರಾಂ ಕಂಡರೂ ಸೀಸದ ಮೂಲ ಪತ್ತೆಹಚ್ಚಿ ನಿವಾರಿಸಬೇಕೆಂದು 2021ರಲ್ಲಿ ಅದು ಸೂಚಿಸಿತು. ಬಸುರಿಯ ರಕ್ತದಲ್ಲಿರುವ ಸೀಸ ಹೊಟ್ಟೆಯಲ್ಲಿರುವ ಮಗುವನ್ನೂ ತಲುಪುತ್ತದೆ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ದೇಶಕ್ಕೆ ಎಚ್ಚರಿಕೆ ಹೇಳಿದವರಲ್ಲಿ ಪ್ರಮುಖರು. ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಗೃಹಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರಲ್ಲಿ ಜಾರಿಗೆ ಬಂತು. ಹೊರಗಿನ ಸೀಸ ಹೀಗೆ ಕಡಿಮೆಯಾಗಿರುವಾಗ ನಾವೇ ಅದನ್ನು ಮನೆಯೊಳಗೆ ತಂದುಕೊಳ್ಳುವುದು ಸಲ್ಲದು.

ಪರಿಹಾರ ಕಷ್ಟವಲ್ಲ. ಸಾಲ್ಡರಿಂಗ್ ಕೆಲಸ ದೊಡ್ಡವರದೇ ಇರಲಿ. ಊಟದ ಮೇಜಿನ ಮೇಲೆ, ಅಡುಗೆಮನೆಯಲ್ಲಿ ಬೇಡ. ಕೆಲಸ ಮುಗಿದೊಡನೆ ಸೋಪು ಹಚ್ಚಿ ಕೈ ತೊಳೆಯಿರಿ. ಪೊರಕೆಯಿಂದ ಗುಡಿಸಿದರೆ ದೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಸೀಸವಿಲ್ಲದ ಸಾಲ್ಡರ್ ತಂತಿಯೂ ಸಿಗುತ್ತದೆ. ಅದಕ್ಕೆ ಹೆಚ್ಚು ಶಾಖ ಬೇಕು, ರಾಳದ ಹೊಗೆಯೂ ತಪ್ಪದು. ಆದರೆ ಸೀಸದ ಭಯವಿಲ್ಲ. ಮಕ್ಕಳಿರುವ ಮನೆಗೆ ಎಲ್ಲಕ್ಕಿಂತ ಉತ್ತಮವೆಂದರೆ ಒಂದಕ್ಕೊಂದು ಸಿಕ್ಕಿಸುವ ಸಿದ್ಧ ಹಳಿ ಮತ್ತು ತಂತಿಗೆ ಸ್ಕ್ರೂ ಕನೆಕ್ಟರ್. ಬೆಸುಗೆಯ ಅಗತ್ಯವೇ ಇರುವುದಿಲ್ಲ. ಕಬ್ಬಿಣಾಂಶ, ಸುಣ್ಣದಂಶ ಕಡಿಮೆಯಿರುವ ಮಗು ಹೆಚ್ಚು ಸೀಸ ಹೀರಿಕೊಳ್ಳುತ್ತದೆ. ಆದ್ದರಿಂದ ರಾಗಿ, ಸೊಪ್ಪು, ಹಾಲು, ಕಾಳು ಊಟದಲ್ಲಿರಲಿ.

ಗುಡ್ಡ ಕಟ್ಟುವಾಗ

ಥರ್ಮೊಕೋಲನ್ನು ಕಾದ ತಂತಿಯಿಂದ ಕತ್ತರಿಸಿದರೆ ವಿಷಕಾರಿ ಹೊಗೆ ಬರುತ್ತದೆ. ಹಳೆಯ ದಿನಪತ್ರಿಕೆಯನ್ನು ಮೈದಾ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಹಚ್ಚಿದರೆ ಅಷ್ಟೇ ಚೆಂದದ ಗುಡ್ಡ ತಯಾರಾಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ಸೇರಿ ಗಟ್ಟಿಯಾಗುವಾಗ ಬಿಸಿಯೇರುತ್ತದೆ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಇದರಲ್ಲಿ ಕೈ ಅದ್ದಿದ ಬಾಲಕಿ ಸುಟ್ಟಗಾಯದಿಂದ ತನ್ನ ಬಹುಪಾಲು ಬೆರಳುಗಳನ್ನು ಕಳೆದುಕೊಂಡಳು. ಕೈಯಿಂದ ಕಲಸಬೇಡಿ, ಕೋಲು ಬಳಸಿ.

ಬಣ್ಣದ ಥಿನ್ನರನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಇಡುವ ಅಭ್ಯಾಸ ನಮ್ಮಲ್ಲಿದೆ. ಇದು ಅತ್ಯಂತ ಅಪಾಯಕಾರಿ. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಬಾಟಲಿಯ ಸಮೇತ ಆಸ್ಪತ್ರೆಗೆ ಧಾವಿಸಿ.

ವಿದ್ಯುತ್ತು ಮತ್ತು ಬಿಡಿಭಾಗಗಳು

ಹಳಿಯಲ್ಲಿ ಹರಿಯುವುದು ಸಾಮಾನ್ಯವಾಗಿ 12 ವೋಲ್ಟ್. ಅದನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅಪಾಯವಿರುವುದು ಗೋಡೆಯ 230 ವೋಲ್ಟ್‌ನಲ್ಲಿ. ತಯಾರಕರೇ ಕೊಟ್ಟ ಅಡಾಪ್ಟರ್ ಬಳಸಿ, ಅದನ್ನು ಬಿಚ್ಚಬೇಡಿ, ಆಟ ಮುಗಿದ ಮೇಲೆ ಪ್ಲಗ್ ಕೀಳಿ.

ಎನ್ ಅಳತೆಯ ಬಿಡಿಭಾಗಗಳು ತೀರ ಚಿಕ್ಕವು. ಮೂರು ವರ್ಷದೊಳಗಿನ ಮಗುವಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ. ಅದಕ್ಕಿಂತ ಭೀಕರವಾದುದು ಬಟನ್ ಬ್ಯಾಟರಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡಬಲ್ಲದು. ಬೋಗಿಗಳನ್ನು ಜೋಡಿಸುವ ಅಯಸ್ಕಾಂತಗಳನ್ನು ಎರಡು ನುಂಗಿದರೆ ಅವು ಕರುಳನ್ನು ನಡುವೆ ಹಿಡಿದು ತೂತು ಮಾಡುತ್ತವೆ. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ‘ಮಲದಲ್ಲಿ ಹೋಗುತ್ತದೆ’ ಎಂದು ಕಾಯಬೇಡಿ. ಕೂಡಲೇ ಎಕ್ಸ್‌ರೇ ಆಗಬೇಕು.

ನಲವತ್ತು ದಾಟಿದವರು ಚಾಳೀಸು ಕನ್ನಡಕವಿಲ್ಲದೆ ಈ ಸೂಕ್ಷ್ಮ ಕೆಲಸಕ್ಕೆ ಕೂರಬೇಡಿ. ಬೆಳಕು ಚೆನ್ನಾಗಿರಲಿ, ಆಗಾಗ ತಲೆಯೆತ್ತಿ ದೂರ ನೋಡಿ, ಎದ್ದು ನಾಲ್ಕು ಹೆಜ್ಜೆ ಹಾಕಿ.

ವರ್ಷಗಳಿಂದ ಸಾಲ್ಡರಿಂಗ್ ಮಾಡುತ್ತಿರುವವರ ಮನೆಯಲ್ಲಿ ಚಿಕ್ಕ ಮಗುವಿದ್ದರೆ, ಮಗು ಕಾರಣವಿಲ್ಲದೆ ಮಂಕಾಗಿದ್ದರೆ, ಆಗಾಗ ಹೊಟ್ಟೆನೋವು ಎನ್ನುತ್ತಿದ್ದರೆ ಮಕ್ಕಳ ವೈದ್ಯರಿಗೆ ಈ ಹವ್ಯಾಸದ ವಿಷಯವನ್ನು ಬಾಯಿಬಿಟ್ಟು ಹೇಳಿ. ನೀವು ಹೇಳದ ಹೊರತು ಅವರಿಗೆ ಸೀಸದ ಯೋಚನೆ ಬರಲಾರದು. ರಕ್ತಪರೀಕ್ಷೆಯಿಂದ ವಿಷಯ ತಿಳಿಯುತ್ತದೆ. ಸೀಸ ಒಮ್ಮೆ ಮಾಡಿದ ಹಾನಿಯನ್ನು ಪೂರ್ತಿ ಸರಿಪಡಿಸುವ ಔಷಧವಿಲ್ಲ. ಅದು ಮಗುವಿನ ಬಾಯಿ ಸೇರದಂತೆ ತಡೆಯಲು ಸೋಪು, ನೀರು, ಒದ್ದೆ ಬಟ್ಟೆ ಸಾಕು.