ಏರುದಾರಿಯಲ್ಲಿ ಬೈಸಿಕಲ್ಲು

ಬೈಸಿಕಲ್ ಸವಾರಿ ಕಲಿತವರೆಲ್ಲರೂ ಒಂದಲ್ಲ ಒಂದು ದಿನ ಏರಿನ ನಡುವೆ ಸೋತು, ಕೆಳಗಿಳಿದು, ಅದನ್ನು ತಳ್ಳಿಕೊಂಡು ನಡೆದವರೇ. ಸಮನೆಲದ ಮೇಲೆ ಹಕ್ಕಿಯಂತೆ ಸಾಗುತ್ತಿದ್ದ ವಾಹನ ದಿಬ್ಬ ಎದುರಾದೊಡನೆ ಕಬ್ಬಿಣದ ಮೂಟೆಯಾಗಿಬಿಡುತ್ತದೆ. ಮೊದಲು ಉಸಿರು ಸಾಲದಾಗುತ್ತದೆ. ಬಳಿಕ ತೊಡೆ ಉರಿಯುತ್ತದೆ. ಕೊನೆಗೆ ನಮ್ಮ ಅಭಿಮಾನವೂ ಕೈಬಿಡುತ್ತದೆ. ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಈ ಸಂಕಟವನ್ನೇ ಹುಡುಕಿಕೊಂಡು ಹೋಗಿ, ಅದಕ್ಕೊಂದು ಪಂದ್ಯದ ರೂಪ ಕೊಟ್ಟು, ನೂರು ವರ್ಷಕ್ಕೂ ಮಿಗಿಲಾಗಿ ನಡೆಸಿಕೊಂಡು ಬಂದಿರುವ ಜನ ಇಂಗ್ಲೆಂಡಿನಲ್ಲಿದ್ದಾರೆ.

ಲಂಡನ್ನಿನ ಕ್ಯಾಟ್‌ಫರ್ಡ್ ಸೈಕ್ಲಿಂಗ್ ಕ್ಲಬ್ಬು ಇಂಥ ಪಂದ್ಯವನ್ನು ಮೊದಲು ನಡೆಸಿದುದು ೧೮೮೭ರಲ್ಲಿ, ಕೆಂಟ್ ಪ್ರಾಂತದ ವೆಸ್ಟರ್‌ಹ್ಯಾಮ್ ಗುಡ್ಡದ ಮೇಲೆ. ಡನ್‌ಲಪ್ ತನ್ನ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದದ್ದು ಅದರ ಮರುವರ್ಷ. ಎಂದರೆ ಆ ಮೊದಲ ಸವಾರರು ಗಟ್ಟಿ ರಬ್ಬರಿನ ಗಾಲಿಗಳ ಮೇಲೆ ಗುಡ್ಡವನ್ನು ಎದುರಿಸಿದರು. ಆ ಪಂದ್ಯ ಈಗ ಅದೇ ಪ್ರಾಂತದ ಯಾರ್ಕ್ಸ್ ಹಿಲ್ ಎಂಬ ಕಡಿದಾದ ಕಿರುದಾರಿಯಲ್ಲಿ ನಡೆಯುತ್ತದೆ. ೧೯೪೪ರಿಂದ ಬ್ರಿಟನ್ನಿಗೆಲ್ಲ ಸೇರಿದ ಒಂದು ರಾಷ್ಟ್ರೀಯ ಪಂದ್ಯವೂ ಇದೆ. ಪಂದ್ಯಗಳ ಋತು ಮುಗಿದು ಎಲೆ ಉದುರುವ ಕಾಲದಲ್ಲಿ, ಒಂದೊಂದು ವರ್ಷ ಒಂದೊಂದು ಗುಡ್ಡದ ಮೇಲೆ ಅದನ್ನು ಏರ್ಪಡಿಸುತ್ತಾರೆ. ನಿಯಮ ಸರಳ. ಸವಾರರು ಒಂದೊಂದು ನಿಮಿಷದ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಾರೆ. ಅತ್ಯಲ್ಪ ಕಾಲದಲ್ಲಿ ತುದಿ ಮುಟ್ಟಿದವನು ಗೆದ್ದ. ಸಾಮಾನ್ಯವಾಗಿ ಎರಡು ನಿಮಿಷದಿಂದ ಐದಾರು ನಿಮಿಷಗಳೊಳಗೆ ಎಲ್ಲವೂ ಮುಗಿಯುತ್ತದೆ. ಆದರೆ ಆ ನಾಲ್ಕು ನಿಮಿಷಗಳಿಗಾಗಿ ನಡೆಯುವ ಸಿದ್ಧತೆ ತಿಂಗಳುಗಟ್ಟಲೆಯದು. ಆ ಸಿದ್ಧತೆಯಲ್ಲಿ ವಿಜ್ಞಾನವೆಷ್ಟು, ಭ್ರಮೆಯೆಷ್ಟು ಎಂಬುದನ್ನು ನೋಡೋಣ.

ಒಂದು ಲೆಕ್ಕದಿಂದಲೇ ಪ್ರಾರಂಭಿಸುವುದು ಲೇಸು. ಒಂದು ಕಿಲೋಮೀಟರ್ ಉದ್ದದ, ನೂರಕ್ಕೆ ಹತ್ತರಂತೆ ಏರುವ ದಾರಿಯೊಂದನ್ನು ಊಹಿಸಿಕೊಳ್ಳಿ. ಅದರ ತುದಿ ಬುಡಕ್ಕಿಂತ ೧೦೦ ಮೀಟರ್ ಎತ್ತರದಲ್ಲಿದೆ. ಸವಾರನ ತೂಕ ೬೨ ಕಿಲೋಗ್ರಾಂ, ಬೈಸಿಕಲ್ಲು, ಬಟ್ಟೆ, ಬೂಟು ಎಲ್ಲ ಸೇರಿ ೮ ಕಿಲೋಗ್ರಾಂ, ಒಟ್ಟು ೭೦. ಇಷ್ಟು ಭಾರವನ್ನು ೧೦೦ ಮೀಟರ್ ಮೇಲೆತ್ತಲು ೬೮,೬೦೦ ಜೌಲುಗಳಷ್ಟು ಕೆಲಸವಾಗಬೇಕು. ಇದನ್ನು ನಾಲ್ಕು ನಿಮಿಷಗಳಲ್ಲಿ ಮಾಡಿ ಮುಗಿಸಬೇಕಾದರೆ ಸವಾರ ೨೮೬ ವಾಟ್ ಸಾಮರ್ಥ್ಯವನ್ನು ಸತತವಾಗಿ ಒದಗಿಸುತ್ತಿರಬೇಕು. ಆಗ ಅವನ ವೇಗ ಗಂಟೆಗೆ ೧೫ ಕಿಲೋಮೀಟರ್. ಈ ವೇಗದಲ್ಲಿ ಗಾಳಿಯನ್ನು ಸೀಳಲು ಸುಮಾರು ೧೫ ವಾಟ್, ಟೈರು ನೆಲದ ಮೇಲೆ ಉರುಳುವಾಗ ನಷ್ಟವಾಗುವುದು ಹೆಚ್ಚುಕಡಿಮೆ ೧೪ ವಾಟ್, ಸರಪಣಿಯ ಘರ್ಷಣೆಗೆ ಏಳೆಂಟು ವಾಟ್. ಸಮನೆಲದಲ್ಲಿ ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ಹೋಗುವವನು ತನ್ನ ಸಾಮರ್ಥ್ಯದ ಬಹುಪಾಲನ್ನು ಗಾಳಿಗೆ ಕಂದಾಯ ಕಟ್ಟುತ್ತಾನೆ. ಗುಡ್ಡ ಹತ್ತುವವನಾದರೋ ನೂರರಲ್ಲಿ ಸುಮಾರು ತೊಂಬತ್ತು ಪಾಲನ್ನು ಭೂಮಿಯ ಆಕರ್ಷಣೆಗೇ ಒಪ್ಪಿಸುತ್ತಾನೆ.

ಆದುದರಿಂದ ಭಾರವೇ ಇಲ್ಲಿ ಪರಮ ಶತ್ರು. ನಮ್ಮ ಲೆಕ್ಕದ ಸವಾರ ಒಂದು ಕಿಲೋಗ್ರಾಂ ಹಗುರಾದರೆ ಅವನಿಗೆ ಸುಮಾರು ಮೂರೂಕಾಲು ಸೆಕೆಂಡು ಉಳಿಯುತ್ತದೆ. ೧೦೦ ಗ್ರಾಂ ಹಗುರಾದರೆ ಒಂದು ಸೆಕೆಂಡಿನ ಮೂರನೆಯ ಒಂದು ಪಾಲು. ಇದೇನು ಮಹಾ ಎಂದು ಓದುಗರು ಕೇಳಬಹುದು. ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಗೆಲುವು ಸೋಲು ತೀರ್ಮಾನವಾಗುವ ಆಟದಲ್ಲಿ ಅದು ಮಹಾ ವಿಷಯವೇ. ಅಂತೆಯೇ ಅಕ್ಟೋಬರ್ ತಿಂಗಳು ಬಂದಿತೆಂದರೆ ಅಲ್ಲಿನ ಮನೆಗಳಲ್ಲಿ ಗರಗಸ, ತಿರುಪುಳಿ, ಅಡಿಗೆಮನೆಯ ತಕ್ಕಡಿ ಇವು ಕೆಲಸಕ್ಕೆ ತೊಡಗುತ್ತವೆ. ನೀರಿನ ಸೀಸೆಯನ್ನೂ ಅದರ ಗೂಡನ್ನೂ ಕಳಚುತ್ತಾರೆ. ಹ್ಯಾಂಡಲಿಗೆ ಸುತ್ತಿದ ಪಟ್ಟಿಯನ್ನು ಬಿಚ್ಚುತ್ತಾರೆ. ಬಾಗಿದ ಹ್ಯಾಂಡಲಿನ ಕೆಳಭಾಗವನ್ನೇ ಕತ್ತರಿಸಿಬಿಡುವವರೂ ಉಂಟು, ಏರಿನಲ್ಲಿ ಅದನ್ನು ಹಿಡಿಯುವ ಪ್ರಸಂಗವೇ ಬರುವುದಿಲ್ಲವಲ್ಲ! ಮುಂದಿನ ಎರಡು ಹಲ್ಲುಚಕ್ರಗಳಲ್ಲಿ ಒಂದನ್ನೂ ಗೇರು ಬದಲಿಸುವ ಸಲಕರಣೆಯನ್ನೂ ತೆಗೆದು, ಸರಪಣಿಯಲ್ಲಿ ಕೆಲವು ಕೊಂಡಿಗಳನ್ನು ಕಡಿಮೆ ಮಾಡುತ್ತಾರೆ. ಹಿಂದಿನ ತಲೆಮಾರಿನವರು ಲೋಹದ ಭಾಗಗಳಿಗೆಲ್ಲ ಜರಡಿಯಂತೆ ತೂತು ಕೊರೆಯುತ್ತಿದ್ದರು. ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ೧೯೭೨ರಲ್ಲಿ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯ ದಾಖಲೆಯನ್ನು ಸ್ಥಾಪಿಸಿದ ಬೈಸಿಕಲ್ಲಿನ ಸರಪಣಿಗೂ ತೂತುಗಳಿದ್ದವು. ಈಗ ಇಂಗಾಲದ ನಾರಿನ ಚೌಕಟ್ಟುಗಳು ಬಂದಿರುವುದರಿಂದ ಕೊರೆಯುವ ಶ್ರಮ ತಪ್ಪಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ತನ್ನ ಪಂದ್ಯಗಳಿಗೆ ೬.೮ ಕಿಲೋಗ್ರಾಂ ಕನಿಷ್ಠ ತೂಕವನ್ನು ೨೦೦೦ದಲ್ಲಿ ಗೊತ್ತುಮಾಡಿತು; ಬ್ರಿಟನ್ನಿನ ಗುಡ್ಡದ ಪಂದ್ಯಗಳಿಗೆ ಆ ಕಟ್ಟು ಇಲ್ಲವಾದುದರಿಂದ ಅಲ್ಲಿ ಐದು ಕಿಲೋಗ್ರಾಮಿನ ಬೈಸಿಕಲ್ಲುಗಳನ್ನೂ ಕಾಣಬಹುದು.

ಇಲ್ಲಿ ಬೇರೂರಿರುವ ಒಂದು ನಂಬಿಕೆಯನ್ನು ಪರೀಕ್ಷಿಸಬೇಕು. ಗಾಲಿಯ ಅಂಚಿನಲ್ಲಿರುವ ಒಂದು ಗ್ರಾಂ ಚೌಕಟ್ಟಿನಲ್ಲಿರುವ ಎರಡು ಗ್ರಾಮಿಗೆ ಸಮವೆಂದು ಸವಾರರು ಹೇಳುತ್ತಾರೆ. ವೇಗವನ್ನು ಹೆಚ್ಚಿಸುವ ಗಳಿಗೆಯಲ್ಲಿ ಈ ಮಾತು ನಿಜ; ಏಕೆಂದರೆ ಗಾಲಿಯ ಅಂಚು ಮುಂದಕ್ಕೆ ಸಾಗುವುದಷ್ಟೇ ಅಲ್ಲದೆ ತಿರುಗಲೂ ಬೇಕು. ಆದರೆ ನಮ್ಮ ಸವಾರನೂ ಬೈಸಿಕಲ್ಲೂ ನಿಂತಲ್ಲಿಂದ ಗಂಟೆಗೆ ೧೫ ಕಿಲೋಮೀಟರ್ ವೇಗವನ್ನು ಪಡೆಯಲು ಬೇಕಾಗುವುದು ಆರುನೂರು ಜೌಲು ಮಾತ್ರ. ಗುಡ್ಡವನ್ನೇರಲು ಬೇಕಾಗುವುದು ಅದರ ನೂರರಷ್ಟಕ್ಕೂ ಹೆಚ್ಚು. ಒಮ್ಮೆ ವೇಗ ಕುದುರಿದ ಮೇಲೆ ಭಾರ ಎಲ್ಲಿದ್ದರೂ ಭಾರವೇ. ಹಗುರವಾದ ಗಾಲಿ ಒಳ್ಳೆಯದು, ಆದರೆ ಅದಕ್ಕೆ ಎರಡರಷ್ಟು ಬೆಲೆ ತೆರಬೇಕಾದ ಕಾರಣವಿಲ್ಲ. ಹಣ ಖರ್ಚಿಲ್ಲದ ಕೆಲಸವೆಂದರೆ ಸರಪಣಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರಸಿ, ಹೊಸದಾಗಿ ಎಣ್ಣೆ ಬಿಡುವುದು. ಕೊಳೆ ಹಿಡಿದ ಸರಪಣಿ ಐದು ವಾಟ್ ನುಂಗಿತೆಂದರೆ ಸವಾರ ಬೆನ್ನ ಮೇಲೆ ಒಂದು ಕಿಲೋಗ್ರಾಂ ಅಕ್ಕಿ ಹೊತ್ತು ಹತ್ತಿದಂತೆಯೇ ಆಯಿತು.

ಗೇರಿನ ಆಯ್ಕೆಯಲ್ಲಿ ಎಡವುವವರು ಇನ್ನೂ ಹೆಚ್ಚು. ಹಗುರವಾಗಲೆಂದು ಒಂದೇ ಗೇರು ಇಟ್ಟುಕೊಂಡು ಹತ್ತುವ ಪದ್ಧತಿ ಹಳೆಯದು. ಮುಂದೆ ೩೯, ಹಿಂದೆ ೨೩ ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಬೈಸಿಕಲ್ಲು ಮೂರೂವರೆ ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ನಮ್ಮ ಸವಾರ ನಿಮಿಷಕ್ಕೆ ೭೦ ಸುತ್ತು ತುಳಿದರೆ ಸಾಕು. ಇದು ಹಿತವಾದ ಗತಿ. ಆದರೆ ಗುಡ್ಡಗಳು ಲೆಕ್ಕದ ಪುಸ್ತಕದವಲ್ಲ. ದಾರಿಯ ನಡುವೆ ನೂರಕ್ಕೆ ಇಪ್ಪತ್ತರಂತೆ ಏರುವ ತುಣುಕೊಂದು ಬಂದರೆ ಅದೇ ಸಾಮರ್ಥ್ಯಕ್ಕೆ ವೇಗ ಗಂಟೆಗೆ ಎಂಟು ಕಿಲೋಮೀಟರಿಗೆ ಇಳಿಯುತ್ತದೆ. ಪೆಡಲು ನಿಮಿಷಕ್ಕೆ ೪೦ ಸುತ್ತೂ ತಿರುಗದೆ ಹೆಜ್ಜೆಹೆಜ್ಜೆಗೂ ಕೆಸರಿನಿಂದ ಕಾಲು ಕಿತ್ತಂತಾಗುತ್ತದೆ. ಅಂಥಲ್ಲಿ ನೂರಿನ್ನೂರು ಗ್ರಾಂ ಹೆಚ್ಚಾದರೂ ಎರಡು ಮೂರು ಗೇರುಗಳನ್ನು ಇಟ್ಟುಕೊಂಡವನೇ ಜಾಣ. ಪಂದ್ಯಕ್ಕೆ ಮುಂಚೆ ಗುಡ್ಡವನ್ನು ಒಮ್ಮೆ ನಡೆದು ನೋಡಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ. ಮರಗಳ ನೆರಳಿನ ಆ ದಾರಿಗಳಲ್ಲಿ ಅಕ್ಟೋಬರಿನ ಒದ್ದೆ ಎಲೆಗಳೂ ಪಾಚಿಯೂ ಇರುತ್ತವೆ. ಸವಾರ ಎದ್ದು ನಿಂತು ಮುಂದಕ್ಕೆ ಬಾಗಿದನೆಂದರೆ ಹಿಂದಿನ ಗಾಲಿಯ ಮೇಲಿನ ಭಾರ ಕಡಿಮೆಯಾಗಿ ಅದು ಇದ್ದಲ್ಲೇ ಜಾರುತ್ತದೆ. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸಿದವನಿಗೆ ಈ ಕಷ್ಟ ಇನ್ನೂ ಹೆಚ್ಚು.

ಇನ್ನು ಯಂತ್ರದ ಮಾತು ಸಾಕು. ಅದನ್ನು ನಡೆಸುವ ಯಂತ್ರದ ಕಡೆಗೆ ತಿರುಗೋಣ.

ಸ್ನಾಯುವಿನಲ್ಲಿ ಕೂಡಲೆ ಬಳಕೆಗೆ ಸಿಕ್ಕುವ ಶಕ್ತಿಯ ದಾಸ್ತಾನು ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು. ಆಮೇಲೆ ಎರಡು ದಾರಿಗಳಿವೆ. ಒಂದು, ಆಮ್ಲಜನಕದ ನೆರವಿನಿಂದ ಸಕ್ಕರೆಯನ್ನೂ ಕೊಬ್ಬನ್ನೂ ಉರಿಸುವುದು. ಇದು ಗೃಹಸ್ಥನ ದಿನದ ಸಂಪಾದನೆಯಿದ್ದಂತೆ, ನಿಧಾನ ಆದರೆ ನಂಬಿಕೆಯದು. ಇನ್ನೊಂದು, ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಅರ್ಧಕ್ಕೆ ಒಡೆದು ಶಕ್ತಿ ಪಡೆಯುವುದು. ಇದು ಸಾಲ, ಬೇಗ ಸಿಗುತ್ತದೆ, ಮಿತಿಯೂ ಬೇಗ ಮುಟ್ಟುತ್ತದೆ. ನಾಲ್ಕು ನಿಮಿಷಗಳ ಸರ್ವಪ್ರಯತ್ನದಲ್ಲಿ ಸುಮಾರು ಮುಕ್ಕಾಲು ಪಾಲು ಸಂಪಾದನೆಯಿಂದಲೂ ಕಾಲು ಪಾಲು ಸಾಲದಿಂದಲೂ ಬರುತ್ತದೆ. ತೊಡಕೇನೆಂದರೆ, ಹೊರಟ ಗಳಿಗೆಯಲ್ಲಿ ಸಂಪಾದನೆಯ ದಾರಿ ಇನ್ನೂ ತೆರೆದಿರುವುದಿಲ್ಲ. ಹೃದಯ, ಶ್ವಾಸಕೋಶ, ರಕ್ತನಾಳಗಳು ತಮ್ಮ ಪೂರ್ಣ ವೇಗಕ್ಕೆ ಬರಲು ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ಜನರ ಕೂಗಿಗೆ ಉಬ್ಬಿ ಮೊದಲ ಅರ್ಧ ನಿಮಿಷವನ್ನು ಓಡಿಸಿದವನು ಇಡೀ ಸಾಲವನ್ನು ಅಲ್ಲೇ ಮುಗಿಸಿರುತ್ತಾನೆ. ಆ ಹೊತ್ತಿನಲ್ಲಿ ಅವನಿಗೆ ಆಯಾಸವೇ ತೋರುವುದಿಲ್ಲವೆಂಬುದೇ ಇದರಲ್ಲಿರುವ ಮೋಸ. ಪಂದ್ಯಕ್ಕೆ ಮುಂಚೆ ಇಪ್ಪತ್ತು ನಿಮಿಷ ತುಳಿದು, ನಡುವೆ ಎರಡು ಮೂರು ಸಲ ಜೋರು ಮಾಡಿ ಮೈ ಕಾಯಿಸಿಕೊಂಡವನಲ್ಲಿ ಆಮ್ಲಜನಕದ ದಾರಿ ಬೇಗ ತೆರೆಯುತ್ತದೆ. ಸಾಲದ ಗಂಟು ಕೊನೆಯ ನಿಮಿಷಕ್ಕೆ ಉಳಿಯುತ್ತದೆ.

ತರಬೇತಿಯೂ ಈ ತಿಳಿವಳಿಕೆಯನ್ನೇ ಅನುಸರಿಸುತ್ತದೆ. ತಿಂಗಳುಗಟ್ಟಲೆ ದೂರ ಸವಾರಿ ಮಾಡಿ ಹೃದಯವನ್ನೂ ಸ್ನಾಯುವಿನ ಸೂಕ್ಷ್ಮ ರಕ್ತನಾಳಗಳನ್ನೂ ಬೆಳೆಸಿದ ಮೇಲೆ, ವಾರಕ್ಕೆ ಒಂದೆರಡು ದಿನ ಮೂರು ನಾಲ್ಕು ನಿಮಿಷಗಳ ಏರನ್ನು, ನಡುನಡುವೆ ಅಷ್ಟೇ ವಿಶ್ರಾಂತಿ ಕೊಟ್ಟು, ನಾಲ್ಕೈದು ಬಾರಿ ಹತ್ತುವುದು. ಪಂದ್ಯದ ಹಿಂದಿನ ವಾರದಲ್ಲಿ ಸವಾರಿಯ ಮೊತ್ತವನ್ನು ಅರ್ಧಕ್ಕೆ ಇಳಿಸಬೇಕು, ತೀವ್ರತೆಯನ್ನಲ್ಲ. ಕ್ರಿಸ್ ಬೋರ್ಡ್‌ಮನ್ ೧೯೮೮ರಿಂದ ೧೯೯೧ರ ವರೆಗೆ ನಾಲ್ಕು ವರ್ಷ ಬ್ರಿಟನ್ನಿನ ಗುಡ್ಡದ ಪಂದ್ಯವನ್ನು ಗೆದ್ದು, ೧೯೯೨ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ನಾಲ್ಕು ಕಿಲೋಮೀಟರಿನ ಬೆನ್ನಟ್ಟುವ ಪಂದ್ಯದಲ್ಲಿ ಚಿನ್ನ ಪಡೆದದ್ದು ಆಕಸ್ಮಿಕವಲ್ಲ. ಒಂದು ಗುಡ್ಡದ ಮೇಲೆ, ಇನ್ನೊಂದು ನುಣುಪಾದ ಮೈದಾನದಲ್ಲಿ. ಆದರೆ ಎರಡೂ ನಾಲ್ಕು ನಿಮಿಷಗಳ ಆಸುಪಾಸಿನ ಸರ್ವಪ್ರಯತ್ನಗಳೇ.

ಇನ್ನು ಎಲ್ಲಕ್ಕಿಂತ ಅಪಾಯದ ವಿಷಯ. ಬೈಸಿಕಲ್ಲಿನಿಂದ ಎರಡು ಕಿಲೋಗ್ರಾಂ ತೆಗೆಯಲು ದೊಡ್ಡ ಹಣ ಬೇಕು. ಸವಾರನ ಮೈಯಿಂದ ತೆಗೆಯಲು ಒಂದು ಕಾಸೂ ಬೇಡ, ಊಟ ಬಿಟ್ಟರಾಯಿತು. ಗರಗಸವನ್ನು ಹ್ಯಾಂಡಲಿಗೆ ಹಿಡಿದ ಮನಸ್ಸು ತನ್ನ ದೇಹಕ್ಕೂ ಅದನ್ನೇ ಹಿಡಿಯಲು ಹೊರಡುತ್ತದೆ. ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ: ಮೂರು ಕಿಲೋಗ್ರಾಂ ಇಳಿದರೆ ಸುಮಾರು ಹತ್ತು ಸೆಕೆಂಡು ಲಾಭ. ಆದರೆ ತಕ್ಕಡಿ ತೋರಿಸುವುದು ತೂಕವನ್ನು ಮಾತ್ರ, ಸಾಮರ್ಥ್ಯವನ್ನಲ್ಲ. ಹಸಿದ ದೇಹ ಕೊಬ್ಬನ್ನಷ್ಟೇ ಬಿಟ್ಟುಕೊಡುವುದಿಲ್ಲ. ಮೊದಲ ದಿನಗಳಲ್ಲಿ ಕಳೆದುಹೋಗುವುದು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಮತ್ತು ಅದರೊಡನೆ ಇರುವ ನೀರು. ಎಂದರೆ ಆ ನಾಲ್ಕು ನಿಮಿಷಗಳಿಗೆ ಬೇಕಾದ ಇಂಧನವೇ. ಆಮೇಲೆ ಸ್ನಾಯುವೂ ಕರಗುತ್ತದೆ. ಸಾಮರ್ಥ್ಯ ನೂರಕ್ಕೆ ಐದರಷ್ಟು ಕುಗ್ಗಿತೆಂದರೆ ಹನ್ನೆರಡು ಸೆಕೆಂಡು ನಷ್ಟ. ಹತ್ತನ್ನು ಗಳಿಸಲು ಹೋಗಿ ಹನ್ನೆರಡನ್ನು ಕಳೆದುಕೊಂಡಂತಾಯಿತು.

ನಷ್ಟ ಪಂದ್ಯದೊಡನೆ ಮುಗಿದಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ತಿಂಗಳುಗಟ್ಟಲೆ ಖರ್ಚಿಗಿಂತ ಕಡಿಮೆ ಆಹಾರ ಸಿಕ್ಕಿದ ಶರೀರ ತನ್ನ ವೆಚ್ಚಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬರುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುತ್ತದೆ. ಗಂಡಸರಲ್ಲಿಯೂ ಹಾರ್ಮೋನುಗಳು ಇಳಿಯುತ್ತವೆ. ಸಣ್ಣ ನೆಗಡಿಯೂ ವಾರಗಟ್ಟಲೆ ಬಿಡುವುದಿಲ್ಲ. ಮೂಳೆಯ ಸಾಂದ್ರತೆ ಕುಗ್ಗುತ್ತದೆ. ಬೈಸಿಕಲ್ ಸವಾರರಿಗೆ ಈ ಕೊನೆಯದು ವಿಶೇಷವಾಗಿ ಕೆಡುಕು. ಓಡುವವನ ಮೂಳೆಗೆ ಹೆಜ್ಜೆಹೆಜ್ಜೆಗೂ ಪೆಟ್ಟು ಬಿದ್ದು ಅದು ಗಟ್ಟಿಯಾಗುತ್ತದೆ. ಸೀಟಿನ ಮೇಲೆ ಕುಳಿತವನಿಗೆ ಆ ಉಪಕಾರವಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಲಕ್ಷಣಗಳನ್ನೆಲ್ಲ ಒಂದೇ ಹೆಸರಿನಡಿ ಸೇರಿಸಿ ೨೦೧೪ರಲ್ಲಿ ಕ್ರೀಡಾಪಟುಗಳನ್ನು ಎಚ್ಚರಿಸಿತು. ನಮ್ಮ ಲೆಕ್ಕದ ಸವಾರ ಚೆನ್ನಾಗಿ ಉಂಡು, ಕ್ರಮವಾಗಿ ಅಭ್ಯಾಸ ಮಾಡಿ, ಹತ್ತು ವಾಟ್ ಹೆಚ್ಚಿಸಿಕೊಂಡನೆಂದರೆ ಏಳು ಸೆಕೆಂಡು ಬೇಗ ಮೇಲೆ ಮುಟ್ಟುತ್ತಾನೆ. ಅದು ಬೈಸಿಕಲ್ಲಿನಿಂದ ಎರಡು ಕಿಲೋಗ್ರಾಂ ಕತ್ತರಿಸಿದ್ದಕ್ಕಿಂತ ಹೆಚ್ಚು. ತೂಕ ಇಳಿಸಲೇಬೇಕಾದವರು ಅದನ್ನು ಪಂದ್ಯಕ್ಕೆ ಬಹಳ ಮುಂಚೆ, ವೈದ್ಯರ ಸಲಹೆಯಂತೆ, ನಿಧಾನವಾಗಿ ಮಾಡಬೇಕು.

ಪಂದ್ಯದ ದಿನ ಸಹಾಯಕನೊಬ್ಬ ಸೀಟನ್ನು ಹಿಡಿದು ನಿಲ್ಲಿಸಿರುತ್ತಾನೆ. ಕಾಲಗಣಕ ಐದರಿಂದ ಒಂದರ ವರೆಗೆ ಎಣಿಸುತ್ತಾನೆ. ದಾರಿಯ ಇಕ್ಕೆಲಗಳಲ್ಲಿ ಜನ ತಟ್ಟೆ ಬಡಿಯುತ್ತ, ಗಂಟೆ ಬಾರಿಸುತ್ತ ನಿಂತಿರುತ್ತಾರೆ. ತುದಿಯಲ್ಲಿ ಇನ್ನಿಬ್ಬರು ಕಾದಿರುತ್ತಾರೆ, ಗೆರೆ ದಾಟಿದವನನ್ನು ಬೀಳದಂತೆ ಹಿಡಿದುಕೊಳ್ಳಲು. ಎಷ್ಟೋ ಮಂದಿಗೆ ಬೈಸಿಕಲ್ಲಿನಿಂದ ತಾವಾಗಿ ಇಳಿಯುವ ತ್ರಾಣವೂ ಉಳಿದಿರುವುದಿಲ್ಲ.

ನಮ್ಮಲ್ಲಿಯೂ ಬೆಳಗಿನ ಜಾವದ ಚಳಿಯಲ್ಲಿ ಬೆಂಗಳೂರಿನಿಂದ ಹೊರಟು ೧೪೭೮ ಮೀಟರ್ ಎತ್ತರದ ನಂದಿಬೆಟ್ಟವನ್ನು ಬೈಸಿಕಲ್ಲಿನ ಮೇಲೆ ಹತ್ತುವವರು ಬಹುಮಂದಿ. ಅವರಿಗೆ ಮೇಲಿನ ಲೆಕ್ಕವನ್ನು ಸ್ವಲ್ಪ ತಿದ್ದಿ ಹೇಳಬೇಕು. ಅಲ್ಲಿನ ಏರು ಅಷ್ಟು ಕಡಿದಲ್ಲ, ಆದರೆ ಏಳೆಂಟು ಕಿಲೋಮೀಟರ್ ಉದ್ದ. ಅರ್ಧ ಗಂಟೆಯ ಆ ಕೆಲಸದಲ್ಲಿ ಸಾಲಕ್ಕೆ ಹೆಚ್ಚು ಬೆಲೆಯಿಲ್ಲ, ಸಂಪಾದನೆಯೇ ಎಲ್ಲ. ಮೊದಲ ತಿರುವುಗಳಲ್ಲಿ ಸರಾಗವಾಗಿ ಮಾತನಾಡಲು ಸಾಧ್ಯವಿರುವಷ್ಟೇ ವೇಗವಿರಲಿ. ಇಂಗ್ಲೆಂಡಿನ ಸವಾರ ಬ್ರೇಕನ್ನು ಹಗುರಾಗಿಸಿದರೂ ಅಲ್ಲಿನ ನಿಯಮದಂತೆ ಎರಡು ತಡೆಗಳಂತೂ ಇರಲೇಬೇಕು. ನಂದಿಯಿಂದ ಇಳಿಯುವವನಿಗೆ ಅದು ನಿಯಮದ ಮಾತಲ್ಲ, ಪ್ರಾಣದ ಮಾತು. ಒಟ್ಟು ೭೦ ಕಿಲೋಗ್ರಾಂ ತೂಕದ ಸವಾರನೂ ಬೈಸಿಕಲ್ಲೂ ೪೦೦ ಮೀಟರ್ ಕೆಳಗಿಳಿದರೆಂದು ಇಟ್ಟುಕೊಳ್ಳಿ. ಹತ್ತುವಾಗ ಕೂಡಿಟ್ಟ ಎರಡು ಲಕ್ಷದ ಎಪ್ಪತ್ತು ಸಾವಿರಕ್ಕೂ ಮಿಕ್ಕ ಜೌಲುಗಳು ಎಲ್ಲಿಗಾದರೂ ಹೋಗಲೇಬೇಕು. ಮುಕ್ಕಾಲು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಶಕ್ತಿ ಅದು. ಅದರಲ್ಲಿ ಒಂದು ಪಾಲನ್ನು ಗಾಳಿ ಹೀರಿಕೊಳ್ಳುತ್ತದೆ. ಉಳಿದುದೆಲ್ಲ ಶಾಖವಾಗಿ ಹೋಗಿ ಸೇರುವುದು ಬೆರಳಿನ ಗಾತ್ರದ ಆ ಎರಡು ಜೊತೆ ಬ್ರೇಕಿನ ತುಂಡುಗಳಿಗೂ ಅವು ತಾಗುವ ಲೋಹಕ್ಕೂ. ಹತ್ತುವ ಮುನ್ನವೇ ಅವುಗಳನ್ನು ಒಮ್ಮೆ ಕೈಯಿಂದ ಅದುಮಿ ನೋಡಿ, ಸವೆದಿದ್ದರೆ ಬದಲಾಯಿಸಿಕೊಂಡು ಹೊರಡಬೇಕು.